ಟ್ರ್ಯಾಕ್ಟರಿನ ಹಿಂದೆ ಏನು ಕಟ್ಟಲಿ, ಗುಡ್ರುನಮ್ಮನವರೇ?

ಶ್ರೀಮತಿ ಗುಡ್ರುನ್ ಮೂಸ್ ಅವರ ಸನ್ನಿಧಿಗೆ,
ಬರ್ಚ್ ಮರದ ತಿರುವು, ನಮ್ಮ ಮನೆಯ ದಾರಿ,
ಮಟನುಸ್ಕಾ ಕಣಿವೆ, ಅಲಾಸ್ಕಾ.

ಮಾನ್ಯರೇ,

ಉದ್ದನೆಯ ಮೂಗು, ಅದಕ್ಕಿಂತಲೂ ಉದ್ದನೆಯ ಕಾಲು, ಗಂಟಲ ಕೆಳಗೆ ಗಾಂಭೀರ್ಯದಿಂದ ತೂಗುವ ಚೀಲ, ಕುದುರೆಯೂ ಕತ್ತೆತ್ತಿ ನೋಡಬೇಕಾದ ಭುಜ, ಇಷ್ಟರಿಂದಲೂ ಶೋಭಿತರಾಗಿ, ಕಡವೆಗಳ ಕುಲಕ್ಕೆಲ್ಲ ಹಿರಿಯರೆನಿಸಿದ ಮೂಸ್ ಮನೆತನದಲ್ಲಿ ಹುಟ್ಟಿ, ಈ ಚಳಿಗಾಲದುದ್ದಕ್ಕೂ ನಮ್ಮ ಮನೆಯಿಂದ ರಸ್ತೆಗೆ ಹೋಗುವ ದಾರಿಯ ನಟ್ಟನಡುವೆ ಬಿಡಾರ ಹೂಡಿರುವ ತಮಗೆ, ಅದೇ ದಾರಿಯ ಕೊನೆಯ ಮನೆಯಲ್ಲಿ ಹೊರಬರಲಾಗದೆ ಕೂತಿರುವ ಆರ್ವಿಡ್ ಹಾಲ್ವರ್ಸನ್ ಮಾಡುವ ಅನಂತ ವಂದನೆಗಳು. ಇತ್ತ ನಾವು ಕ್ಷೇಮ ಎಂದು ಬರೆಯುವುದು ವಾಡಿಕೆಯಾದರೂ, ಕ್ಷೇಮವಿದ್ದಿದ್ದರೆ ಈ ಪತ್ರದ ಅಗತ್ಯವೇ ಇರುತ್ತಿರಲಿಲ್ಲವಾದ್ದರಿಂದ ಆ ಮಾತನ್ನು ಕೈಬಿಟ್ಟಿದ್ದೇನೆ. ತಾವು ಕ್ಷೇಮವಾಗಿರುವುದು ನಾನು ಕೂರುವ ಮುಂದಿನ ಕಿಟಕಿಯಿಂದಲೇ ಚೆನ್ನಾಗಿ ಕಾಣಿಸುತ್ತಿದೆ.

ತಮಗೆ ಗುಡ್ರುನ್ ಎಂದು ಹೆಸರಿಟ್ಟವಳು ನನ್ನ ಹೆಂಡತಿ ಮಾರ್ಲಿಸ್. ಒಂದು ವಾರ ಇದ್ದು ಹೋಗುತ್ತೇನೆಂದು ಮಿನ್ನೆಸೋಟಾದಿಂದ ಬಂದು, ಎರಡು ಚಳಿಗಾಲ ನಮ್ಮ ಸೋಫಾದ ಮೇಲೆ ಕೂತಿದ್ದ ಅವಳ ಚಿಕ್ಕಮ್ಮನ ಹೆಸರು ಅದು. ಮೂಗಿನಲ್ಲೂ ಹೋಲಿಕೆಯಿದೆ ಎನ್ನುತ್ತಾಳೆ. ಬೇಟೆಯ ಕಾಲ ಮುಗಿಯಿತೆಂದು ನಾನು ಬಂದೂಕಿಗೆ ಎಣ್ಣೆ ಒರೆಸಿ ಒಳಗಿಟ್ಟ ಮರುದಿನವೇ ತಾವು ದಯಮಾಡಿಸಿದ್ದನ್ನು ನೋಡಿದರೆ, ಸರ್ಕಾರಿ ಪ್ರಕಟಣೆಗಳನ್ನು ತಾವು ನನಗಿಂತ ಶ್ರದ್ಧೆಯಿಂದ ಓದುತ್ತೀರೆಂದು ತೋರುತ್ತದೆ. ಈಗ ತಮ್ಮನ್ನು ಅಟ್ಟುವುದು ಅಪರಾಧ, ಹೆದರಿಸುವುದು ಅಪರಾಧ, ತಮಗೆ ತಿನ್ನಲು ಕೊಡುವುದಂತೂ ಇನ್ನೂ ದೊಡ್ಡ ಅಪರಾಧ. ಕಾನೂನನ್ನು ಗೌರವಿಸುವ ನನ್ನಂಥವನಿಗೆ ಉಳಿದಿರುವುದು ಪತ್ರ ಬರೆಯುವುದೊಂದೇ.

ವಿಷಯಕ್ಕೆ ಬರುತ್ತೇನೆ. ನಮ್ಮ ಮನೆ ಬೆಚ್ಚಗಿರುವುದು ನೆಲಮಾಳಿಗೆಯ ಯಂತ್ರದಲ್ಲಿ ಉರಿಯುವ ಎಣ್ಣೆಯಿಂದ, ಎಣ್ಣೆ ಬರುವುದು ಲಾರಿಯಲ್ಲಿ, ಲಾರಿ ಬರಬೇಕಾದದ್ದು ತಾವು ನಿಂತಿರುವ ದಾರಿಯಲ್ಲಿ. ಕ್ರಿಸ್ಮಸ್ ಕಳೆದ ಮೇಲೆ ಬಂದ ಲಾರಿಯ ಚಾಲಕ ತಮ್ಮ ದರ್ಶನವಾದದ್ದೇ ತಡ, ರಸ್ತೆಯಲ್ಲೇ ನಿಂತು ನನಗೆ ಫೋನು ಮಾಡಿ, "ಆರ್ವಿಡ್, ನಿಮ್ ದಾರೀಲಿ ಲಾರಿ ತಿರುಗೋಷ್ಟು ಜಾಗ ಇಲ್ಲ, ಇರೋ ಜಾಗದಲ್ಲಿ ಅವ್ಳು ನಿಂತಿದ್ದಾಳೆ. ನಾನಂತೂ ಹಾರ್ನ್ ಹೊಡಿಯಲ್ಲಪ್ಪ. ಹೋದ್ ವರ್ಷ ಹೊಡೆದಿದ್ದಕ್ಕೆ ಇಂಥವ್ಳೇ ಒಬ್ಳು ಬಂದು ಲಾರಿ ದೀಪ ಎರಡೂ ಒದ್ದು ಹೋದ್ಳು" ಎಂದು ಹೇಳಿ ಹಿಂದಿರುಗಿದ. ಅಂದಿನಿಂದ ನಾವು ಸೌದೆ ಒಲೆಯೊಂದನ್ನೇ ನಂಬಿಕೊಂಡಿದ್ದೇವೆ, ಅದು ಯಾರು ಎದುರಿಗೆ ನಿಂತಿದ್ದಾರೋ ಅವರ ಹೊಟ್ಟೆಯನ್ನು ಮಾತ್ರ ಕಾಯಿಸುತ್ತದೆ. ಮಾರ್ಲಿಸ್ ಕೋಟು ತೊಟ್ಟುಕೊಂಡೇ ಬ್ರೆಡ್ಡಿನ ಹಿಟ್ಟು ನಾದುತ್ತಾಳೆ, ಟೋಪಿ ಹಾಕಿಕೊಂಡೇ ಮಲಗುತ್ತಾಳೆ. ಕೊನೆಗೊಂದು ದಿನ ನನ್ನ ಮುಂದೆ ಸೊಂಟಕ್ಕೆ ಕೈಯಿಟ್ಟು ನಿಂತು ಹೇಳಿದಳು: "ಬರೋ ಶನಿವಾರದೊಳಗೆ ಎಣ್ಣೆ ಬರ್ಲಿಲ್ವೋ, ನಾನು ಅರಿಜೋನಾಕ್ಕೆ ಅಕ್ಕನ ಮನೆಗೆ ಹೋಗ್ತೀನಿ. ಹಿಮ ಕರಗಿದ್ಮೇಲೆ ಒಂದು ಕಾಗದ ಬರಿ." ಅವಳ ಅಕ್ಕ ಆರ್ಲೀನಳ ಮನೆಯಲ್ಲಿ ಈಜುಕೊಳವಿದೆ, ಅಂಗಳದಲ್ಲಿ ಕಳ್ಳಿಗಿಡವಿದೆ, ನನ್ನ ಬಗ್ಗೆ ಒಂದು ಅಭಿಪ್ರಾಯವೂ ಇದೆ. ಅಲ್ಲಿಗೆ ಹೋದವಳು ಹಿಂದಿರುಗುವಳೆಂಬ ಧೈರ್ಯ ನನಗಿಲ್ಲ, ಅವಳಿಲ್ಲದ ಮನೆಗೆ ಎಣ್ಣೆ ಬಂದರೂ ಅಷ್ಟೇ, ಬಿಟ್ಟರೂ ಅಷ್ಟೇ.

ಲಾರಿ ಹಿಂದಿರುಗಿದಂದಿನಿಂದ ದಾರಿ ತೆರವು ಮಾಡಲು ನಾನು ಪಟ್ಟ ಪ್ರಯತ್ನಗಳೆಲ್ಲವನ್ನೂ ತಾವು ಹತ್ತಿರದಿಂದ ಕಂಡವರು, ಎಷ್ಟೋ ಸಲ ತೀರಾ ಹತ್ತಿರದಿಂದ. ನನ್ನದು ಪುಟ್ಟ ಟ್ರ್ಯಾಕ್ಟರು, ಅದರ ಮುಂದೆ ಕೊಂಡಾಗಲೇ ಬಂದ ಒಂದು ಬಕೆಟ್. ಅದರಿಂದ ಹಿಮವನ್ನು ಎತ್ತಿ ಎತ್ತಿ ಹಾಕುತ್ತಾ ಇಷ್ಟು ವರ್ಷ ನೆಮ್ಮದಿಯಿಂದಿದ್ದೆ. ಆದರೆ ತಾವು ಮೇಯಲು ಸರಿದ ಗಳಿಗೆ ನೋಡಿ ನಾನು ನುಸುಳಿ ಹೋದಾಗ, ಟ್ರ್ಯಾಕ್ಟರ್ ಸಲಕರಣೆಗಳ ಅಂಗಡಿಯ ಡೆಲ್ಮರ್ ನನ್ನ ಕಷ್ಟವನ್ನೆಲ್ಲ ಕೇಳಿ, ಪಾಪ ಎಂಬಂತೆ ತಲೆಯಾಡಿಸಿ, "ಬಕೆಟ್ಟಾ? ಚಮಚದಲ್ಲಿ ಬಾವಿ ಖಾಲಿ ಮಾಡ್ತಿದ್ದೀರಲ್ಲ! ಹಿಂದೆ ಕಟ್ಟೋ ಬ್ಲೇಡು ತಗೊಳ್ಳಿ. ಇದೊಂದಿದ್ರೆ ಸಾಕು, ಇನ್ನೇನೂ ಬೇಡ" ಎಂದ. ಬ್ಲೇಡು ಬಂತು, ಉದ್ದನೆಯ ಬಾಗಿದ ಕಬ್ಬಿಣದ ಹಲಗೆ. ಅದು ಹಿಮವನ್ನು ಎತ್ತುವುದಿಲ್ಲ, ಪಕ್ಕಕ್ಕೆ ತಳ್ಳುತ್ತದೆ, ತಳ್ಳಿದ್ದು ಅಲ್ಲೇ ಕಲ್ಲಾಗಿ ಕೂರುತ್ತದೆ. ಪ್ರತಿ ಸಲ ತಳ್ಳಿದಾಗಲೂ ದಾರಿ ಎರಡೂ ಕಡೆಯಿಂದ ಕಿರಿದಾಗುತ್ತಾ ಬಂದು, ಕೊನೆಗೆ ತಾವು ಹಿಂದಕ್ಕೆ ತಿರುಗಲು ಜಾಗವೇ ಇಲ್ಲದಂತಾಯಿತು. ತಿರುಗಲಾಗದವರು ಹೋಗುವುದಾದರೂ ಹೇಗೆ? ನಿಂತಿರಿ. ಅದರಲ್ಲಿ ತಮ್ಮ ತಪ್ಪೇನೂ ಇಲ್ಲವೆಂದು ನಾನು ಮುಕ್ತಮನಸ್ಸಿನಿಂದ ಒಪ್ಪುತ್ತೇನೆ.

ಮತ್ತೆ ಅಂಗಡಿಗೆ ಹೋದೆ. ಬ್ಲೇಡನ್ನು ಕೊಳ್ಳಲು ನನಗೆ ಹೇಳಿದ ಮೂರ್ಖನಾರು ಎಂಬಂತೆ ಡೆಲ್ಮರ್ ನನ್ನನ್ನೇ ನೋಡಿ, ಹಿಮ ತೂರುವ ಯಂತ್ರವನ್ನು ತೋರಿಸಿದ. ನಮ್ಮ ಅಜ್ಜಂದಿರು ಕಣದಲ್ಲಿ ಕಾಳು ತೂರುತ್ತಿದ್ದಂತೆ ಇದು ಹಿಮವನ್ನು ಒಳಗೆಳೆದುಕೊಂಡು ಕೊಳವೆಯಿಂದ ಮರದ ಎತ್ತರಕ್ಕೆ ಚಿಮ್ಮಿಸುತ್ತದೆ. "ಇದೊಂದಿದ್ರೆ ಸಾಕು, ಇನ್ನೇನೂ ಬೇಡ." ಅವನು ಹೇಳದೆ ಬಿಟ್ಟದ್ದೆಂದರೆ, ಇದನ್ನು ಟ್ರ್ಯಾಕ್ಟರಿನ ಹಿಂದೆ ಕಟ್ಟುವುದರಿಂದ ದಾರಿಯುದ್ದಕ್ಕೂ ಹಿಂದುಹಿಂದಕ್ಕೇ ಹೋಗಬೇಕು, ಹೋಗುತ್ತಾ ಕತ್ತು ತಿರುಗಿಸಿ ನೋಡಬೇಕು ಎಂಬುದು. ನನ್ನ ಕತ್ತು ಬಲಕ್ಕೆ ಮಾತ್ರ ತಿರುಗುತ್ತದೆ. ತಾವು ನಿಂತದ್ದು ಎಡಕ್ಕೆ. ಎಡಗಿವಿಯ ಹತ್ತಿರ ಬಿಸಿ ಉಸಿರು ತಾಗಿ, ಅದು ಮಾರ್ಲಿಸ್ ಅಲ್ಲವೆಂದು ತಿಳಿದ ಕ್ಷಣದಲ್ಲಿ ನಾನು ಎಷ್ಟು ವೇಗವಾಗಿ ಮುಂದಕ್ಕೆ ಹೊರಟೆನೆಂದರೆ, ನಿಂತದ್ದು ಗ್ಯಾರೇಜಿನ ಬಾಗಿಲಿಗೆ ಢಿಕ್ಕಿ ಹೊಡೆದ ಮೇಲೆಯೇ. ಆ ಬಾಗಿಲು ಈಗಲೂ ಮುಚ್ಚುವುದಿಲ್ಲ.

ಆದರೂ ಹಟ ಬಿಡದೆ ತೂರಿದೆ. ಫಲವಾಗಿ ದಾರಿಯ ಎರಡೂ ಬದಿಗೆ ನನ್ನ ತಲೆಗಿಂತ ಎತ್ತರದ, ಗಾರೆ ಕೆಲಸದವನು ಬಳಿದಷ್ಟು ನುಣುಪಾದ ಗೋಡೆಗಳೆದ್ದು, ಹಿಮನದಿಯ ಕಡೆಯಿಂದ ಬೀಸುವ ಗಾಳಿ ತಮಗೆ ಸೋಕದಂತಾಯಿತು. ಚಿಮ್ಮಿದ ಹಿಮದ ಭಾರಕ್ಕೆ ವಿಲೋ ಪೊದೆಗಳ ಎಳೆಯ ತುದಿಗಳೆಲ್ಲ ಬಾಗಿ, ತಾವು ಮಲಗಿದ್ದಲ್ಲಿಯೇ ಬಾಯಿಗೆಟುಕುವಂತೆ ಬಡಿಸಿದಂತಾಯಿತು. ನನ್ನ ಮದುವೆಯ ಊಟದಲ್ಲಿ ನನಗೂ ಯಾರೂ ಅಷ್ಟು ಅಕ್ಕರೆಯಿಂದ ಬಡಿಸಿರಲಿಲ್ಲ.

ಮೂರನೆಯದಾಗಿ ಬಂದದ್ದು ಸುತ್ತುವ ಪೊರಕೆ, ಹಗುರವಾದ ಹಿಮವನ್ನು ಗುಡಿಸಲು. ಅದನ್ನು ಚಾಲೂ ಮಾಡಿಕೊಂಡು ಮೆಲ್ಲನೆ ಬಂದೆ, ಶಬ್ದಕ್ಕೆ ಹೆದರಿಯಾರು ಎಂಬ ಸಣ್ಣ ಆಸೆಯೂ ಇತ್ತು. ತಾವು ಎದ್ದಿರಿ, ತಿರುಗುವ ಬಿರುಗೂದಲಿಗೆ ಪಕ್ಕೆಯನ್ನು ಒಡ್ಡಿದಿರಿ, ಕಣ್ಣು ಅರೆ ಮುಚ್ಚಿದಿರಿ, ಒಂದು ಕಡೆಯದು ಮುಗಿದ ಮೇಲೆ ಇನ್ನೊಂದು ಕಡೆಗೆ ತಿರುಗಿದಿರಿ. ತಿರುಗಲು ಜಾಗವಿಲ್ಲವೆಂದು ನಾನು ಮೇಲೆ ಬರೆದದ್ದನ್ನು ಈ ಕಾರಣಕ್ಕೆ ಹಿಂತೆಗೆದುಕೊಳ್ಳುತ್ತೇನೆ. ನಾನು ಪೊರಕೆಯನ್ನು ನಿಲ್ಲಿಸಿದಾಗ ತಾವು ನೋಡಿದ ನೋಟವಿದೆಯಲ್ಲ, ಕೂಲಿಯವನು ಕೆಲಸ ಅರ್ಧಕ್ಕೆ ಬಿಟ್ಟಾಗ ಯಜಮಾನಿ ನೋಡುವಂಥದ್ದು, ಅದನ್ನು ಸಹಿಸಲಾಗದೆ ಮತ್ತೆ ಚಾಲೂ ಮಾಡಿದೆ. ಕಿಟಕಿಯಿಂದ ಮಾರ್ಲಿಸ್ ನೋಡುತ್ತಿದ್ದಳು. ಒಳಗೆ ಬಂದಾಗ, "ನನ್ನ ಬೆನ್ನು ಯಾವತ್ತಾದ್ರೂ ಉಜ್ಜಿದ್ದೀಯಾ?" ಎಂದಷ್ಟೇ ಕೇಳಿದಳು.

ಇಷ್ಟೆಲ್ಲದರ ನಡುವೆ ನಮ್ಮ ಊಟದ ಮೇಜಿನ ಮೇಲೆ ತಟ್ಟೆಗಿಂತ ಹೆಚ್ಚಾಗಿ ಸಲಕರಣೆಗಳ ಚಿತ್ರಪುಸ್ತಕಗಳೇ ಇದ್ದವು. ವಿ ಆಕಾರದ ಹಿಮದ ನೇಗಿಲೋ, ಮಡಚುವ ರೆಕ್ಕೆಗಳ ನೂಕು ಹಲಗೆಯೋ, ಅದರ ಅಂಚು ಉಕ್ಕಿನದೋ ರಬ್ಬರಿನದೋ ಎಂದು ನಾನು ತಲೆ ಕೆಡಿಸಿಕೊಂಡಿದ್ದಾಗ ಮಾರ್ಲಿಸ್ ಪಾತ್ರೆ ತೊಳೆಯುತ್ತಾ, "ಆರ್ವಿಡ್, ಹಿಂದಿನ ಹೊಲ..." ಎಂದು ಏನೋ ಶುರು ಮಾಡಿದಳು. ನಾನು ಕೈಯೆತ್ತಿ, "ತಾಳು, ತಾಳು, ಅಗಲ ಲೆಕ್ಕ ಹಾಕ್ತಿದ್ದೀನಿ" ಎಂದೆ. ಅವಳು ಮುಂದಿನ ತಟ್ಟೆಯನ್ನು ಕೈಗೆತ್ತಿಕೊಂಡಳು.

ಕೊನೆಯದಾಗಿ ಡೆಲ್ಮರ್ ಕೊಟ್ಟದ್ದು ಉಪ್ಪು ಎರಚುವ ಡಬ್ಬಿ, ಅವನ ಅಂಗಡಿಯಲ್ಲೇ ಅತಿ ಚಿಕ್ಕದು. ಅದನ್ನು ಕೊಡುವಾಗ ಅವನಿಗೆ ತನ್ನ ಮಾಮೂಲಿ ಮಾತನ್ನು ಹೇಳುವ ಉತ್ಸಾಹವೂ ಉಳಿದಿರಲಿಲ್ಲ. ಮಂಜುಗಡ್ಡೆ ಕರಗಲೆಂದು ಉಪ್ಪು ಎರಚಿದೆ. ಮಂಜುಗಡ್ಡೆ ಕರಗುವ ಮೊದಲೇ ತಾವು ಬಂದು, ನಮ್ಮ ದಾರಿಯನ್ನು ಈ ತುದಿಯಿಂದ ಆ ತುದಿಯವರೆಗೆ ನೆಕ್ಕಿ ಹಸನು ಮಾಡಿದಿರಿ.

ಹೀಗೆ ಅವಳು ಹೇಳಿದ ಶನಿವಾರ ಬಂತು, ಎಣ್ಣೆ ಬರಲಿಲ್ಲ. ಮಾರ್ಲಿಸ್‌ಳನ್ನು ವಿಮಾನಕ್ಕೆ ಕರೆದೊಯ್ಯಲು ನೆರೆಮನೆಯ ಡೋರೀನ್ ತನ್ನ ಪಿಕಪ್ ತರುವುದೆಂದು ಗೊತ್ತಾಗಿತ್ತು. ಸೂಟ್‌ಕೇಸು ಬಾಗಿಲ ಬಳಿ ನಿಂತಿತ್ತು. ಹೋಗಬೇಡ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ, ನಮ್ಮ ನಾರ್ವೆಯ ಕಡೆಯವರಿಗೆ ಆ ಮಾತು ಸಲೀಸಾಗಿ ಬರುವುದೂ ಇಲ್ಲ. ಆದ್ದರಿಂದ ಬೆಳಗಾಗುತ್ತಲೇ ಹೊರಗೆ ಹೋಗಿ, ಬರ್ಚ್ ಮರದ ತಿರುವಿನಲ್ಲಿ ಉಪ್ಪು ಎರಚಿದೆ. ಡೋರೀನಳ ಗಾಡಿ ಜಾರದಿರಲಿ ಎಂಬುದೊಂದೇ ನನ್ನ ಉದ್ದೇಶವಾಗಿತ್ತೆಂದು, ವನ್ಯಜೀವಿ ಕಚೇರಿಯವರು ಯಾರಾದರೂ ಈ ಪತ್ರ ಓದುವುದಾದರೆ ಅವರ ಗಮನಕ್ಕೆ ತರಬಯಸುತ್ತೇನೆ. ಸ್ವಲ್ಪ ಹೆಚ್ಚಾಗಿ ಬಿದ್ದಿದ್ದರೆ ಅದು ಡಬ್ಬಿಯ ದೋಷ.

ತಾವು ಬಂದಿರಿ, ಅಡ್ಡಲಾಗಿ ನಿಂತಿರಿ, ನೆಕ್ಕತೊಡಗಿದಿರಿ. ಡೋರೀನ್ ತಮ್ಮ ಆಚೆ ಬದಿಗೆ, ಮಾರ್ಲಿಸ್ ಈಚೆ ಬದಿಗೆ, ಎರಡೂ ಕಡೆ ನಾನೇ ಎಬ್ಬಿಸಿದ ಗೋಡೆ. ಡೋರೀನ್ ಗಾಜು ಇಳಿಸಿ, "ಮಾರ್ಲಿಸ್, ಇವ್ಳು ಕದಲೋ ಹಾಗೆ ಕಾಣಲ್ಲ ಕಣೇ!" ಎಂದು ಕೂಗಿದರೆ, ಮಾರ್ಲಿಸ್ ಸೂಟ್‌ಕೇಸಿನ ಮೇಲೆ ಕೂತು, "ನೆಕ್ಲಿ ಬಿಡು, ನನಗೇನು ಅವಸರ" ಎಂದಳು. ವಿಮಾನ ನಮ್ಮ ಮನೆಯ ಮೇಲೆಯೇ ಹಾರಿಹೋಯಿತು. ಉಪ್ಪಿನ ಋಣವೆಂದರೇನೆಂಬುದನ್ನು ಬಲ್ಲ ಇನ್ನೊಂದು ಜೀವವನ್ನು ನಾನು ಈ ಕಣಿವೆಯಲ್ಲಿ ಕಂಡಿಲ್ಲ.

ಒಳಗೆ ಬಂದ ಮಾರ್ಲಿಸ್ ಕಾಫಿಗೆ ನೀರಿಟ್ಟು, ಎಣ್ಣೆ ಲಾರಿಯವನಿಗೆ ಫೋನು ಮಾಡಿ, "ಹಿಂದಿನ ಆಲೂಗಡ್ಡೆ ಹೊಲದ ಕಡೆಯಿಂದ ಬಾರಪ್ಪ. ಗಾಳಿ ಎಲ್ಲಾ ಗುಡಿಸಿ ಇಟ್ಟಿದೆ, ನೆಲ ಕಲ್ಲಾಗಿದೆ, ಒಂದು ಹಿಡಿ ಹಿಮಾನೂ ಇಲ್ಲ" ಎಂದಳು. ನಿಜವಾಗಿಯೂ ಇರಲಿಲ್ಲ. ಆ ಹೊಲದ ಹಿಮವನ್ನೆಲ್ಲ ಗಾಳಿ ಹೊತ್ತು ತಂದು ಮರಗಳ ನಡುವಿನ ನಮ್ಮ ದಾರಿಗೆ ಸುರಿದಿತ್ತು, ಅದನ್ನೇ ನಾನು ಚಳಿಗಾಲದುದ್ದಕ್ಕೂ ತೂರಿ, ತಳ್ಳಿ, ಗುಡಿಸಿದ್ದೆ. ಹೊಲದ ಬೇಲಿಯ ಗೇಟಿನ ಬಳಿ ಒಂದಿಷ್ಟು ಹಿಮವಿತ್ತು, ಅದನ್ನು ಆ ಹಳೆಯ ಬಕೆಟ್ಟಿನಿಂದ ಎತ್ತಿ ಹಾಕಿದೆ. ಲಾರಿ ಬಂತು, ಎಣ್ಣೆ ತುಂಬಿತು, ಮಾರ್ಲಿಸ್ ಕೋಟು ಬಿಚ್ಚಿದಳು. "ಅಷ್ಟೆಲ್ಲಾ ಕೊಂಡ್ಯಲ್ಲ ಆರ್ವಿಡ್, ಒಂದ್ಸಲ ಹಿಂದಿನ ಕಿಟಕೀಲಿ ಇಣುಕಿದ್ರೆ ಆಗ್ತಿರ್ಲಿಲ್ವಾ?" ಎಂದಳು.

ಆ ರಾತ್ರಿಯಿಡೀ ಬೆಚ್ಚನೆಯ ಹಾಸಿಗೆಯಲ್ಲಿ ನನಗೆ ನಿದ್ದೆ ಬರಲಿಲ್ಲ ಮಾನ್ಯರೇ. ಪಾತ್ರೆ ತೊಳೆಯುವ ತೊಟ್ಟಿಯ ಮೇಲಿರುವುದು ಅದೇ ಹಿಂದಿನ ಕಿಟಕಿ. ದಿನಕ್ಕೆ ಎಷ್ಟು ಸಲ ಅವಳು ಅಲ್ಲಿ ನಿಲ್ಲುತ್ತಾಳೆ! ಲಾರಿ ಬರಬಹುದಾದ ಹೊಲದಲ್ಲಿ ಡೋರೀನಳ ಪಿಕಪ್ ಬರಲಾಗುತ್ತಿರಲಿಲ್ಲವೇ? ಗೊತ್ತಿದ್ದೂ ಶನಿವಾರ ಬೆಳಿಗ್ಗೆ ಅವಳು ಆ ಹೊಲದ ಮಾತನ್ನೇ ಎತ್ತಲಿಲ್ಲ, ಟೋಪಿ ಹಾಕಿಕೊಂಡು ಸೂಟ್‌ಕೇಸಿನ ಮೇಲೆ ಕೂತು ತಮ್ಮನ್ನೇ ನೋಡುತ್ತಿದ್ದಳು. ಏಕೆಂದು ಕೇಳುವ ಧೈರ್ಯ ನನಗೆ ಇನ್ನೂ ಬಂದಿಲ್ಲ, ಆದರೆ ಅಂದಿನಿಂದ ಪಾತ್ರೆಗಳನ್ನು ನಾನೇ ತೊಳೆಯುತ್ತಿದ್ದೇನೆ.

ಆದಕಾರಣ ತಮ್ಮಲ್ಲಿ ವಿನಂತಿಯೇನೆಂದರೆ, ತಾವು ದಾರಿಯಲ್ಲಿ ನಿಲ್ಲುವ ಹೊತ್ತನ್ನು ಮುಂಚಿತವಾಗಿ ಅಂಚೆಪೆಟ್ಟಿಗೆಯ ಮೇಲೆ ಪ್ರಕಟಿಸಬೇಕು. ಪಕ್ಕೆಗೆ ಹೊಳೆಯುವ ಪಟ್ಟಿ ಧರಿಸಬೇಕು. ಬೆನ್ನು ತುರಿಸಬೇಕಾದಾಗ ಒಮ್ಮೆ ಕೆಮ್ಮಿದರೆ ಸಾಕು, ಪೊರಕೆ ತರುತ್ತೇನೆ. ಮತ್ತು ಡೆಲ್ಮರ್ ಮುಂದಿನ ಸಲ ನನ್ನ ಮನೆಗೆ ಹೊಸ ಚಿತ್ರಪುಸ್ತಕ ಹಿಡಿದು ಬಂದಾಗ, ಕಾನೂನು ಎಷ್ಟರಮಟ್ಟಿಗೆ ಬಿಡುತ್ತದೋ ಅಷ್ಟರಮಟ್ಟಿಗೆ ತಾವು ಅವನನ್ನು ಅಟ್ಟಿಸಿಕೊಂಡು ಹೋಗಬೇಕು. ತಮ್ಮನ್ನು ಅಟ್ಟಬಾರದೆಂದು ಕಾನೂನಿದೆಯೇ ಹೊರತು, ತಾವು ಅಟ್ಟಬಾರದೆಂದು ಎಲ್ಲೂ ಬರೆದಿಲ್ಲ. ಈ ಪತ್ರವನ್ನು ತಮ್ಮ ಮೂಗಿನ ಎತ್ತರಕ್ಕೆ ಬರ್ಚ್ ಮರಕ್ಕೆ ಮೊಳೆ ಹೊಡೆದು ತಗುಲಿಸಿದ್ದೇನೆ. ಓದಿದ ಮೇಲೆ ತಿನ್ನಬಹುದು.

ಸೊಂಟದವರೆಗೆ ಹಿಮದಲ್ಲಿ ಹೂತಿದ್ದರೂ,
ತಮ್ಮ ವಿಶ್ವಾಸಿ,
ಆರ್ವಿಡ್ ಹಾಲ್ವರ್ಸನ್

ತಾ.ಕ.: ತಂಗಿಯನ್ನು ತಾನೇ ಬಂದು ಕರೆದೊಯ್ಯುತ್ತೇನೆಂದು ಆರ್ಲೀನ್ ಬರುವ ಗುರುವಾರ ಅರಿಜೋನಾದಿಂದ ಬರುತ್ತಿದ್ದಾಳೆ. ಹೊಲದ ದಾರಿ ಅವಳಿಗೆ ಗೊತ್ತಿಲ್ಲ, ಮಾರ್ಲಿಸ್ ಹೇಳಿಯೂ ಇಲ್ಲ. ನಮ್ಮ ಫ್ರೀಜರಿನ ಕೆಳಖಾನೆಯಲ್ಲಿರುವ ತಮ್ಮ ದೂರದ ಬಂಧುವನ್ನಾಗಲೀ, ಸೆಪ್ಟೆಂಬರಿನಲ್ಲಿ ಮತ್ತೆ ತೆರೆಯಲಿರುವ ಬೇಟೆಯ ಕಾಲವನ್ನಾಗಲೀ ನಾನಿಲ್ಲಿ ನೆನಪಿಸುತ್ತಿಲ್ಲ. ಗುರುವಾರ ಬೆಳಿಗ್ಗೆ ಬರ್ಚ್ ಮರದ ತಿರುವಿನಲ್ಲಿ ನೆಲ ಬಹಳ ಜಾರುವ ಸಂಭವವಿದೆ ಎಂದಷ್ಟೇ ತಿಳಿಸುತ್ತಿದ್ದೇನೆ.