ಜಿಂಕೆಯ ಗುಡ್ಡ, ನಿಮಗೆ ಮಾತ್ರ

ಕುವೈತಿನಲ್ಲಿ ಬೇಟೆ ಸಾಮಾನಿನ ಅಂಗಡಿ ಇಟ್ಟವನು ನಗು ಹುಡುಕಿಕೊಂಡು ಹೋಗಬೇಕಾಗಿಲ್ಲ. ನಗುವೇ ಬಾಗಿಲು ತಳ್ಳಿಕೊಂಡು ಒಳಗೆ ಬಂದು, ಎಸಿ ಜಾಸ್ತಿ ಮಾಡು ಅನ್ನುತ್ತದೆ. ನನ್ನ ಅಂಗಡಿ ಅಲ್ಲಿನ ರಾಯ್ ಪೇಟೆಯಲ್ಲಿ. ದುರ್ಬೀನು, ಡೇರೆ, ಬೂಟು ಮಾರುತ್ತೇನೆ. ಬಂದೂಕಿನ ಗೊಡವೆ ಇಲ್ಲ. ಗಿರಾಕಿಗಳಲ್ಲಿ ಕೆಲವರು ಅಮೆರಿಕದ ಗುಡ್ಡಗಾಡಿಗೆ ಮ್ಯೂಲ್ ಡೀರ್ ಬೇಟೆಗೆ ಹೋಗುವವರು. ಹೇಸರಗತ್ತೆಯ ಹಾಗೆ ಉದ್ದ ಕಿವಿಯ ಜಿಂಕೆ ಅದು. ಕಿವಿ ಯಾರಿಗೂ ಬೇಡ. ಗಂಡಿನ ತಲೆಯ ಮೇಲಿನ ಕವಲುಕೊಂಬು ಬೇಕು.

೧. ಗೋಡೆಯ ಮೇಲಿನ ತಲೆ

ಅಂಥ ಗಿರಾಕಿಗಳಲ್ಲಿ ಒಬ್ಬರು ವಯಸ್ಸಾದ ಕುವೈತಿ ಕಂಟ್ರಾಕ್ಟರು. ನಾವು ಹಾಜಿ ಅನ್ನುತ್ತೇವೆ. ಅವರ ಭಾವಮೈದ ಅಂಥದೊಂದು ತಲೆ ತಂದು ತನ್ನ ದಿವಾನಿಯಾದಲ್ಲಿ, ಅಂದರೆ ಸಂಜೆ ಗಂಡಸರು ಕೂತು ಚಹಾ ಕುಡಿಯುವ ಕೋಣೆಯಲ್ಲಿ, ತೂಗುಹಾಕಿದ. ಅಂದಿನಿಂದ ಹಾಜಿಯ ದಿವಾನಿಯಾ ಖಾಲಿ. ದೋಸ್ತಿಗಳೆಲ್ಲ ಆ ಕೊಂಬಿನ ಕೆಳಗೆ. ಹಾಜಿ ನನ್ನ ಅಂಗಡಿಗೆ ಬಂದರು; ಅವರ ಬಾಯಲ್ಲಿ ನಾನು ಸದೀಕ್, ಅಂದರೆ ಗೆಳೆಯ.

"ಸದೀಕ್, ಅವನದ್ದಕ್ಕಿಂತ ದೊಡ್ಡ ಕೊಂಬು ಬೇಕು. ಎಲ್ಲಿ ಸಿಗುತ್ತೆ?"

"ಹಾಜಿ, ನಾನು ಬಂಟ್ವಾಳದವನು. ಆ ಜಿಂಕೆಯನ್ನು ಕಣ್ಣಾರೆ ಕಂಡಿಲ್ಲ."

"ಒಳ್ಳೆಯದಾಯಿತು. ಕಂಡವರೆಲ್ಲ ಸುಳ್ಳು ಹೇಳ್ತಾರೆ."

೨. ಒಳ್ಳೆಯ ಜಾಗ ಅಂದರೆ

ಹೋಗಿಬಂದ ಗಿರಾಕಿಗಳ ಮಾತು ಕೇಳಿ ಕೇಳಿ ನನಗೂ ಅಷ್ಟಿಷ್ಟು ಗೊತ್ತಿತ್ತು. ನಕ್ಷೆ ಹರಡಿದೆ. "ನೋಡಿ, ದೊಡ್ಡ ಗಂಡು ಜನ ಓಡಾಡುವಲ್ಲಿ ನಿಲ್ಲುವುದಿಲ್ಲ. ರಸ್ತೆಯಿಂದ ದೂರ ಹೋಗಬೇಕು. ಬೆಂಕಿ ಬಿದ್ದು ಹೊಸ ಚಿಗುರು ಬಂದ ಕಾಡಿನ ಅಂಚು ಹುಡುಕಬೇಕು. ಮಧ್ಯಾಹ್ನ ಮಲಗಲು ನೆರಳಿರುವ ಇಳಿಜಾರೂ ಬೇಕು."

ಹಾಜಿ ಗಂಭೀರವಾಗಿ ತಲೆಯಾಡಿಸಿದರು. "ತಮಾಮ್, ಎಲ್ಲ ಸರಿ. ಆದರೆ ಕಾರು ಅಲ್ಲಿವರೆಗೆ ಹೋಗ್ಬೇಕು. ಹತ್ತುವ ಕೆಲಸ ಇರಬಾರದು. ಹತ್ತಿರದಲ್ಲಿ ಹಲಾಲ್ ಊಟ ಸಿಗಬೇಕು. ಚಳಿ ಬೇಡ."

ನಮ್ಮ ಸೇಲ್ಸ್‌ಮನ್ ವಿಟ್ಲದ ಬ್ಯಾರಿ. ಅವನು ಕಪಾಟಿನ ಕಡೆ ಮುಖಮಾಡಿಕೊಂಡೇ ಕನ್ನಡದಲ್ಲಿ ಅಂದ, "ಶೆಟ್ರೇ, ಇವರು ಹೇಳುವಲ್ಲಿ ಜಿಂಕೆ ಇಲ್ಲ ಮಾರಾಯ್ರೆ, ಶಾಪಿಂಗ್ ಮಾಲ್ ಉಂಟು."

"ಏನಂತಾನೆ?" ಹಾಜಿ ಕೇಳಿದರು.

"ಈ ಬೂಟು ನಿಮ್ಮ ಕಾಲಿಗೆ ಬಹಳ ಒಪ್ಪುತ್ತದಂತೆ."

ಬೂಟು ಹೋಯಿತು. ವ್ಯಾಪಾರದಲ್ಲಿ ಅನುವಾದ ಹೀಗಿರಬೇಕು.

೩. ಮುತ್ಲಾದಲ್ಲಿ ಅಭ್ಯಾಸ

ಜಾಗ ಸಿಕ್ಕರೆ ಸಾಲದು, ಗುಡ್ಡವನ್ನು ಕೂತಲ್ಲಿಂದಲೇ ದುರ್ಬೀನಿನಲ್ಲಿ ತುಂಡುತುಂಡಾಗಿ ಜಾಲಾಡಬೇಕು. ಗುಡ್ಡವೆಂದು ಕರೆಸಿಕೊಳ್ಳುವ ಯೋಗ್ಯತೆ ಕುವೈತಿನಲ್ಲಿ ಇರುವುದು ಮುತ್ಲಾ ದಿಣ್ಣೆಗೆ ಮಾತ್ರ. ಶುಕ್ರವಾರ ಬೆಳಿಗ್ಗೆ ಅಲ್ಲಿಗೆ ಹೋಗಿ ಕೂತೆವು. ಹಾಜಿ ಉಸಿರು ಬಿಗಿಹಿಡಿದು ನೋಡಿದರು. ಒಂಟೆ, ಮತ್ತೆ ಒಂಟೆ, ಹಾರಿಹೋದ ಪ್ಲಾಸ್ಟಿಕ್ ಚೀಲ. ಕೊನೆಗೆ ನನ್ನ ತೊಡೆ ಚಿವುಟಿದರು.

"ಸಿಕ್ಕಿದ! ಸಿಕ್ಕಿದ ಕಳ್ಳ!"

ಎದುರು ದಿಣ್ಣೆಯ ಮೇಲೆ ಭಾವಮೈದ ಕೂತು ದುರ್ಬೀನಿನಲ್ಲಿ ನಮ್ಮನ್ನೇ ನೋಡುತ್ತಿದ್ದ. ಕೈ ಬೇರೆ ಬೀಸಿದ. ಹಾಜಿಗೆ ಮೈಯೆಲ್ಲ ಉರಿದುಹೋಯಿತು. ನಾನೂ ಇಣುಕಿದೆ. ಅವನ ಕೈಯಲ್ಲಿದ್ದದ್ದು ನನ್ನ ಅಂಗಡಿಯ ದುರ್ಬೀನಲ್ಲ, ಪಕ್ಕದ ಬೀದಿಯವನದು. ಹಾಜಿಗಿಂತ ಹೆಚ್ಚು ಉರಿದದ್ದು ನನಗೆ.

೪. ಪರಮ ರಹಸ್ಯ

ಕೊನೆಗೆ ನಕ್ಷೆಯಲ್ಲಿ ಒಂದು ಗುಡ್ಡಕ್ಕೆ ಬೆರಳಿಟ್ಟೆ. "ಹಾಜಿ, ಇದು ನಿಮಗೆ ಮಾತ್ರ."

ಅವರು ಅತ್ತ ಹೋದದ್ದೇ ತಡ, ಅವರ ದೋಸ್ತಿಯೊಬ್ಬರು ಹಿಂದೆಮುಂದೆ ನೋಡಿಕೊಂಡು ಒಳಗೆ ಬಂದರು. "ಒಂದು ಒಳ್ಳೆ ಜಾಗ ಹೇಳು. ಹಾಜಿಗೆ ಗೊತ್ತಾಗಬಾರದು." ಮಾರನೆಯ ದಿನ ಇನ್ನೊಬ್ಬರು. ಹಾಜಿಗೂ ಮೊದಲು ಬಂದವರಿಗೂ ಗೊತ್ತಾಗಬಾರದು ಅಂತ ಅವರ ಷರತ್ತು. ಎಲ್ಲರಿಗೂ ಅದೇ ಗುಡ್ಡ ಹೇಳಿದೆ. ಒಬ್ಬೊಬ್ಬರಿಗೆ ಒಂದೊಂದು ಗುಡ್ಡ ಹುಡುಕಿಕೊಡಲು ನಾನೇನು ಅರಣ್ಯ ಇಲಾಖೆಯೇ?

ಭಾವಮೈದನಿಗೆ ಮಾತ್ರ ಹೇಳಲಿಲ್ಲ. ನನ್ನಲ್ಲಿ ಒಂದು ಸಾಕ್ಸು ಕೂಡ ಕೊಳ್ಳದವನಿಗೆ ಗುಡ್ಡ ಯಾಕೆ?

೫. ಗುಡ್ಡದ ತುದಿಯಲ್ಲಿ

ಅಮೆರಿಕದಿಂದ ಬಂದ ಹಾಜಿ ನೇರ ಅಂಗಡಿಗೆ ಬಂದರು. ಕುರ್ಚಿ ಕೊಟ್ಟರೂ ಕೂರಲಿಲ್ಲ.

ಏದುಸಿರು ಬಿಡುತ್ತ ಆ ಗುಡ್ಡ ಹತ್ತಿದರಂತೆ. ತುದಿಯಲ್ಲಿ ನೋಡಿದರೆ ದೋಸ್ತಿಗಳಿಬ್ಬರೂ ಥರ್ಮಾಸು ಹಿಡಿದು ನಿಂತು ಒಬ್ಬರನ್ನೊಬ್ಬರು ದುರುಗುಟ್ಟುತ್ತಿದ್ದರಂತೆ. "ನಿನಗ್ಯಾರು ಹೇಳಿದ್ದು?" "ನಿನಗ್ಯಾರು ಹೇಳಿದ್ದು?" ಉತ್ತರ ಒಂದೇ ಅಂತ ತಿಳಿದ ಮೇಲೆ ಮೂವರೂ ಕೂತು, ಚಹಾ ಕುಡಿಯುತ್ತ, ಗಂಟಲು ಹರಿಯುವ ಹಾಗೆ ನನ್ನನ್ನು ಬೈದರಂತೆ.

ಜಿಂಕೆ ಅಲ್ಲೇ ಇತ್ತು! ನಾನು ಹೇಳಿದ ಇಳಿಜಾರಿನಲ್ಲೇ, ನಾನು ಹೇಳಿದ ಹಾಗೇ ಮಲಗಿತ್ತು. ಈ ಬೈಗುಳಕ್ಕೆ ಎದ್ದು, ಎರಡು ಗುಡ್ಡಗಳ ನಡುವಿನ ತಗ್ಗಿನಲ್ಲಿ ಕೆಳಗೆ ಓಡಿತು. ಕೆಳಗೆ ಭಾವಮೈದ. ಹಾಜಿಯ ಕಾರಿನ ಹಿಂದೆಯೇ ಕದ್ದು ಬಂದಿದ್ದವನು ಮಂಡಿನೋವಿನಿಂದ ಹತ್ತಲಾಗದೆ ರಸ್ತೆಯಾಚೆ ಕಲ್ಲಿಗೊರಗಿ ಕೂತಿದ್ದ. ಕೂತಲ್ಲಿಂದಲೇ ಹೊಡೆದ. ಅವನ ಗೋಡೆಯ ಮೇಲೀಗ ಎರಡು ತಲೆ. ಹೊಸದು ಹಳೆಯದಕ್ಕಿಂತ ಅಗಲ.

"ಖಲಾಸ್!" ಅಂದರು ಹಾಜಿ. "ಇನ್ನು ನಿನ್ನ ಅಂಗಡಿ ಮೆಟ್ಟಿಲು ಹತ್ತಲ್ಲ."

ಒಳ್ಳೆಯ ಗಿರಾಕಿ ಕೈತಪ್ಪಿದರಲ್ಲ ಅಂತ ತಲೆ ಮೇಲೆ ಕೈಹೊತ್ತು ಕೂತಿದ್ದೆ. ಸಂಜೆ ಭಾವಮೈದ ಬಂದ. ನನ್ನ ಅಂಗಡಿಗೆ ಮೊದಲ ಸಲ. ಇದ್ದದ್ದರಲ್ಲೇ ಮೆತ್ತನೆಯ ಮಡಚುವ ಕುರ್ಚಿಯೊಂದನ್ನು ಆರಿಸಿ, ಅದರಲ್ಲಿ ಕೂತು ನೋಡಿ, ನನ್ನ ಕಿವಿಯ ಹತ್ತಿರ ಬಂದ.

"ಭಾಯಿ, ನನಗೆ ಗುಡ್ಡ ಹೇಳಬೇಡ. ಮುಂದಿನ ವರ್ಷ ಇವರನ್ನೆಲ್ಲ ಯಾವ ಗುಡ್ಡ ಹತ್ತಿಸ್ತೀಯೋ, ಅದರ ಕೆಳಗಿನ ರಸ್ತೆ ಹೇಳು, ಸಾಕು."