ಕೇಕಿನ ಡಬ್ಬಿಗೆ ನಾನು ದೊರಕಿಸಿಕೊಟ್ಟ ನ್ಯಾಯ

ಈ ವರ್ಷದ ಕ್ರಿಸ್‌ಮಸ್ ಕೇಕನ್ನು ನಾನೇ ಮಾಡುತ್ತೇನೆ ಎಂದು ಘೋಷಿಸಿದಾಗ ನನ್ನ ಹೆಂಡತಿ ನಗಲಿಲ್ಲ. ನಕ್ಕಿದ್ದರೆ ಎಷ್ಟೋ ಚೆನ್ನಾಗಿತ್ತು. ಹತ್ತಿರ ಬಂದು ನನ್ನ ಹಣೆ ಮುಟ್ಟಿ, "ಜ್ವರ ಗಿರ ಏನೂ ಇಲ್ವಲ್ಲ?" ಎಂದಳು.

ಜ್ವರವಂತೆ ಜ್ವರ! ಇಪ್ಪತ್ತೆರಡು ವರ್ಷಗಳಿಂದ ಈ ಪೇಟೆಯ ತಕ್ಕಡಿಗಳನ್ನೂ ಅಳತೆಯ ಪಾತ್ರೆಗಳನ್ನೂ ರಿಪೇರಿ ಮಾಡುತ್ತಿರುವವನು ನಾನು. ತಕ್ಕಡಿ ಒಂದೇ ಒಂದು ಗ್ರಾಂ ಸುಳ್ಳು ಹೇಳಿದರೂ ನನಗೆ ಅವತ್ತು ಊಟ ಸೇರುವುದಿಲ್ಲ. ಅಂಥವನಿಗೆ ಒಂದು ಕೇಕು ಯಾವ ಮಹಾ ವಿದ್ಯೆ?

"ಅದಕ್ಕೆ ಕೈ ಪಳಗಿರಬೇಕು ರೀ," ಎಂದಳು.

"ಕೈ ಬಾಯಿ ಏನೂ ಬೇಡ. ಅಳತೆ ಅಂದ್ರೆ ಅಳತೆ! ಅಷ್ಟೇ!"

ಅವಳು ಬೇಡವೆನ್ನುವ ಸ್ಥಿತಿಯಲ್ಲಿರಲಿಲ್ಲ. ಆಸ್ಪತ್ರೆಯ ಔಷಧ ಕೌಂಟರಿನಲ್ಲಿ ಅವಳಿಗೆ ಕೆಲಸ. ಹಬ್ಬದ ಹಿಂದಿನ ದಿನವಿಡೀ ಡ್ಯೂಟಿ ಬಿದ್ದಿತ್ತು. ಇದನ್ನು ಕೇಳಿದ್ದೇ ತಡ, ನನ್ನ ಅಕ್ಕ ಫೋನ್ ಮಾಡಿ, "ಪಾಪ, ಅವಳಿಗ್ಯಾಕೆ ಕಷ್ಟ? ಡಬ್ಬಿ ಕಳಿಸ್ಕೊಡು, ನಾನೇ ಮಾಡ್ತೀನಿ" ಎಂದಿದ್ದಳು.

ಈ ಡಬ್ಬಿಯ ವಿಷಯ ಹೇಳಲೇಬೇಕು. ನಮ್ಮ ಮನೆತನದ ಕೇಕಿನ ಪಟ್ಟಿಯಲ್ಲಿ ಗ್ರಾಂ ಇಲ್ಲ, ಲೋಟವೂ ಇಲ್ಲ. ಅಮ್ಮ ಮದುವೆಯಾಗಿ ಬಂದಾಗ ತಂದ ಒಂದು ತಗಡಿನ ಡಬ್ಬಿಯೇ ಅಳತೆ. ಮೂರು ಡಬ್ಬಿ ಮೈದಾ, ಎರಡು ಡಬ್ಬಿ ಸಕ್ಕರೆ, ಆರು ಮೊಟ್ಟೆ, ಒಂದು ಪೊಟ್ಟಣ ಬೆಣ್ಣೆ, ನೆನೆಸಿಟ್ಟ ಒಣದ್ರಾಕ್ಷಿ. ಡಬ್ಬಿ ಯಾರ ಮನೆಯಲ್ಲಿದೆಯೋ ಕೇಕು ಅಲ್ಲಿ, ಕೇಕು ಎಲ್ಲಿದೆಯೋ ಹಬ್ಬದೂಟ ಅಲ್ಲಿ. ಹನ್ನೊಂದು ವರ್ಷದ ಹಿಂದೆ ಅಮ್ಮ ಆ ಡಬ್ಬಿಯನ್ನು ಸ್ವಂತ ಮಗಳಿಗೆ ಕೊಡದೆ ಸೊಸೆಯ ಕೈಗಿಟ್ಟಳು. ಹೆತ್ತವರಿಲ್ಲದ ನನ್ನ ಹೆಂಡತಿಗೆ ಅವತ್ತು ಈ ಮನೆ ತನ್ನದು ಅನ್ನಿಸಿತಂತೆ. ಅಂದಿನಿಂದ ಡಬ್ಬಿಯನ್ನು ಒಡವೆಯ ಜೊತೆ ಬೀರುವಿನಲ್ಲಿಡುತ್ತಾಳೆ. ಅಕ್ಕನೂ ಅಂದಿನಿಂದ ಆ ಬೀರುವಿನ ಮೇಲೆ ಕಣ್ಣಿಟ್ಟಿದ್ದಾಳೆ.

"ಒಂದ್ಸಲ ಅಕ್ಕನ ಮನೆಗೆ ಹೋದ್ರೆ ಅದು ವಾಪಸ್ ಬರುತ್ತಾ?" ಎಂದೆ.

ಹೆಂಡತಿ ಬೀರುವಿನ ಬೀಗದ ಕೈ ಕೊಟ್ಟಳು. "ಕೇಕ್ ಮಾಡಿ. ಆದ್ರೆ ನಿಮ್ಮ ದಮ್ಮಯ್ಯ, ಡಬ್ಬಿಗೆ ಮಾತ್ರ ಏನೂ ಮಾಡ್ಬೇಡಿ!"

ನಾನೇನು ಮಾಡಲಿ? ಮಾಡುವಂತೆ ಮಾಡಿದ್ದು ಡಬ್ಬಿಯೇ!

ಅವಳು ಡ್ಯೂಟಿಗೆ ಹೋದ ಮೇಲೆ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಡಬ್ಬಿಯ ತಳ ಒಳಕ್ಕೆ ನೆಗ್ಗಿ ಗುಡ್ಡದಂತೆ ಎದ್ದಿತ್ತು! ನೀರು ತುಂಬಿ ಅಳತೆಯ ಜಾಡಿಗೆ ಸುರಿದು ನೋಡಿದರೆ ಹಿಡಿಯಬೇಕಾದದ್ದಕ್ಕಿಂತ ಸರಿಯಾಗಿ ಕಾಲು ಭಾಗ ಕಡಿಮೆ. ಪೇಟೆಯ ಮೋಸದ ಅಂಗಡಿಯವರು ತಳ ನೆಗ್ಗಿಸಿ ಗಿರಾಕಿಗೆ ನಾಮ ಹಾಕುತ್ತಾರಲ್ಲ, ಅದೇ ಕರಾಮತ್ತು! ಅಂಥ ಎಷ್ಟೋ ಪಾತ್ರೆಗಳನ್ನು ಹಿಡಿದು ಅಂಗಡಿಯವರಿಗೆ ಛೀಮಾರಿ ಹಾಕಿದವನ ಮನೆಯ ಬೀರುವಿನಲ್ಲೇ ಸುಳ್ಳು ಅಳತೆ!

ತಡೆಯಲಾಗಲಿಲ್ಲ. ಡಬ್ಬಿಯನ್ನು ಅಂಗಡಿಗೆ ಒಯ್ದು, ಮರದ ಸುತ್ತಿಗೆಯಿಂದ ಒಳಗಿನಿಂದ ಬಡಿದು ತಳವನ್ನು ಸಮ ಮಾಡಿದೆ. ಮೂರು ಸಲ ನೀರು ತುಂಬಿ ಪರೀಕ್ಷಿಸಿದೆ. ಒಂದು ಹನಿಯ ವ್ಯತ್ಯಾಸವಿಲ್ಲ! ಅಪ್ಪ ಬದುಕಿದ್ದರೆ ಅಪ್ಪಿಕೊಳ್ಳುತ್ತಿದ್ದರು.

ಮನೆಗೆ ಬಂದು ಮೂರು ಡಬ್ಬಿ ಮೈದಾ, ಎರಡು ಡಬ್ಬಿ ಸಕ್ಕರೆ, ಕಡ್ಡಿಯಿಂದ ಮಟ್ಟ ಮಾಡಿ ಸುರಿದೆ. ಪಟ್ಟಿಯಲ್ಲಿದ್ದಂತೆ ಆರು ಮೊಟ್ಟೆ, ಒಂದು ಪೊಟ್ಟಣ ಬೆಣ್ಣೆ. ಕಲಸಲು ಶುರುಮಾಡಿದ ಮೂರನೇ ನಿಮಿಷಕ್ಕೆ ಮರದ ಸೌಟಿನ ಹಿಡಿ ಲಟಕ್ಕೆಂದಿತು. ಮಿಕ್ಸಿಗೆ ಹಾಕಿದೆ. ಮಿಕ್ಸಿ ಒಂದು ಸಲ ನರಳಿ, ಹೊಗೆ ಬಿಟ್ಟು ಪ್ರಾಣ ಬಿಟ್ಟಿತು. ಸ್ವಲ್ಪ ಹಾಲು ಸೇರಿಸಿದರೆ ಹೇಗೆ ಎಂದು ಮನಸ್ಸು ಪಿಸುಗುಟ್ಟಿತು. ಸೇರಿಸುವುದೇ? ಹಾಲು ಪಟ್ಟಿಯಲ್ಲಿಲ್ಲ! ತೋಳು ಮಡಿಸಿ, ಬೆವರು ಒರೆಸಿಕೊಳ್ಳುತ್ತಾ ಅದನ್ನು ನಾದಿದೆ, ಗುದ್ದಿದೆ, ಓವನ್ನಿಗೆ ತಳ್ಳಿದೆ.

ಸಂಜೆ ಹೆಂಡತಿ ಬಂದಾಗ ಕೇಕು ಮೇಜಿನ ಮೇಲೆ ಆರುತ್ತಿತ್ತು. ಅವಳು ಬೆರಳ ಗೆಣ್ಣಿನಿಂದ ತಟ್ಟಿದಳು.

"ಇದೇನ್ರೀ, ಬಾಗಿಲು ತಟ್ಟಿದ ಹಾಗೆ ಕೇಳಿಸ್ತಿದೆ?"

"ಬಿಗಿಯಾಗಿದೆ. ಬಾಳಿಕೆ ಬರುತ್ತೆ."

"ಕೇಕು ಬಾಳಿಕೆ ಬರ್ಬೇಕಾ?"

"ಇಷ್ಟು ವರ್ಷ ಮೆತ್ತಗಿರೋದನ್ನ ತಿಂದು ನಿಮಗೆಲ್ಲ ಅಭ್ಯಾಸ ಕೆಟ್ಟಿದೆ. ಸರಿಯಾದ ಅಳತೆ ಅಂದ್ರೆ ಹೀಗೇ ಇರೋದು!"

ಅವಳು ಮೊಟ್ಟೆಯ ಬುಟ್ಟಿ ನೋಡಿದಳು, ಮಿಕ್ಸಿಯ ಗುಂಡಿ ಒತ್ತಿ ನೋಡಿದಳು. ಇನ್ನೊಂದು ಕೇಕು ಮಾಡಲು ಮನೆಯಲ್ಲಿ ಮೊಟ್ಟೆಯೂ ಇರಲಿಲ್ಲ, ಮಿಕ್ಸಿಯೂ ಇರಲಿಲ್ಲ. ಅದು ನನ್ನನ್ನು ಒಳಗೇ ಚುಚ್ಚಿತು, ನಿಜ. ಆದರೆ ಸೋಲೊಪ್ಪುವ ಜಾಯಮಾನ ನನ್ನದಲ್ಲ.

ಮರುದಿನ ಪ್ರಾರ್ಥನೆ ಮುಗಿಸಿ ಅಮ್ಮ, ಅಕ್ಕ, ಹಲ್ಲಿನ ಡಾಕ್ಟರಾದ ಭಾವ ಎಲ್ಲ ಬಂದರು. ಹೆಂಡತಿ ಮಾಡಿದ್ದ ಹುರಿದ ಕೋಳಿ, ಬೇಯಿಸಿದ ಆಲೂಗಡ್ಡೆ ಕ್ಷಣದಲ್ಲಿ ಖಾಲಿಯಾದವು. ಕೇಕು ಬಂತು. ಪದ್ಧತಿಯಂತೆ ಅಮ್ಮ ಚಾಕು ಇಟ್ಟಳು. ಚಾಕು ಜಾರಿತು. ಭಾವ ಎದ್ದು ಒತ್ತಿದರು. ಚಾಕು ಬಾಗಿತು!

"ಒಂದು ನಿಮಿಷ," ಎಂದು ನಾನು ಅಂಗಡಿಯ ಗರಗಸ ತಂದೆ. ಕುಯ್ದೆ. ಪುಡಿ ಉದುರಿತು. ತಲೆ ಎತ್ತಿಕೊಂಡೇ ಎಲ್ಲರಿಗೂ ಒಂದೊಂದು ತುಂಡು ಹಂಚಿದೆ. ಭಾವ ತಮ್ಮ ತುಂಡನ್ನು ಬೆಳಕಿಗೆ ಹಿಡಿದು, "ಇದು ನನ್ನ ಕ್ಲಿನಿಕ್ಕಿಗೆ ಒಳ್ಳೇದು. ಊರಿಗೆಲ್ಲ ಹಂಚಿ," ಎಂದರು. ಅಮ್ಮ ತನ್ನ ಹಲ್ಲಿನ ಸೆಟ್ಟನ್ನು ತೆಗೆದು ಕರವಸ್ತ್ರದಲ್ಲಿ ಸುತ್ತಿ ಭದ್ರಪಡಿಸಿಕೊಂಡಳು.

ಅಕ್ಕ ಮೆಲ್ಲಗೆ ಶುರು ಮಾಡಿದಳು. "ಪಾಪ, ಇವಳಿಗೂ ಕೆಲಸ ಜಾಸ್ತಿ. ಬರೋ ವರ್ಷದಿಂದ ಡಬ್ಬಿ ನಮ್ಮನೇಲೇ ಇರ್ಲಿ. ಅಲ್ವೇನಮ್ಮ?"

ಹೆಂಡತಿ ತಲೆ ಬಗ್ಗಿಸಿ ತಟ್ಟೆಗಳನ್ನು ಜೋಡಿಸತೊಡಗಿದಳು. ಅವಳ ಕಣ್ಣು ತುಂಬಿದ್ದು ನನಗೆ ಕಂಡಿತು. ಅಷ್ಟೇ, ನನ್ನ ಪಿತ್ತ ನೆತ್ತಿಗೇರಿತು. ಕುರ್ಚಿ ಹಿಂದಕ್ಕೆ ತಳ್ಳಿ ಎದ್ದು ನಿಂತೆ.

"ಅವಳು ಕೇಕನ್ನ ಮುಟ್ಟೇ ಇಲ್ಲ! ಮಾಡಿದ್ದು ನಾನು! ಮತ್ತೆ ಕೇಕಿನಲ್ಲಿ ತಪ್ಪಿಲ್ಲ! ನಲವತ್ತು ವರ್ಷದಿಂದ ನೀವೆಲ್ಲ ತಿಂದಿದ್ದೇ ತಪ್ಪು ಕೇಕು! ಡಬ್ಬಿಯ ತಳ ನೆಗ್ಗಿ ಕಾಲು ಭಾಗ ಮೋಸ ನಡೀತಾ ಇತ್ತು. ನಿನ್ನೆ ಬಡಿದು ಸರಿ ಮಾಡಿದ್ದೀನಿ!"

ಹೆಂಡತಿಯ ಕೈಯಿಂದ ಚಮಚ ಬಿತ್ತು. "ಡಬ್ಬಿಗೆ ಏನೂ ಮಾಡ್ಬೇಡಿ ಅಂದಿದ್ನಲ್ಲ ರೀ!"

"ಡಬ್ಬಿ ತಗೊಂಡ್ಬಾ," ಎಂದಳು ಅಮ್ಮ.

ತಂದುಕೊಟ್ಟೆ. ಅಮ್ಮ ಒಳಗೆ ಕೈ ಹಾಕಿ ಸಮತಟ್ಟಾದ ತಳವನ್ನು ಸವರಿದಳು. ನಂತರ ಬಾಯಿ ತುಂಬ, ಹಲ್ಲಿಲ್ಲದೆ ನಗತೊಡಗಿದಳು.

"ಮದುವೆಯಾದ ಹೊಸದರಲ್ಲಿ ನನ್ನ ಕೇಕೂ ಹೀಗೇ ಆಗ್ತಿತ್ತು ಕಣೋ. ನಿಮ್ಮಪ್ಪ ಒಂದು ತುಂಡು ಬಾಗಿಲು ಬಡಿಯದ ಹಾಗೆ ಅಡ್ಡ ಇಟ್ಟಿದ್ರು. ಆರು ವರ್ಷ ಹೀಗೇ! ಆಮೇಲೆ ನಿನಗೆ ನಾಲ್ಕು ತುಂಬಿದಾಗ, ಸಕ್ಕರೆ ಕದಿಯೋಕೆ ಹೋಗಿ ಅಟ್ಟದಿಂದ ಈ ಡಬ್ಬಿ ಎಳ್ಕೊಂಡೆ. ನಿನ್ನ ನೆತ್ತಿ ಮೇಲೇ ಬಿತ್ತು. ನಿನಗೇನೂ ಆಗ್ಲಿಲ್ಲ. ಡಬ್ಬಿ ನೆಗ್ಗಿತು. ಆ ವರ್ಷದಿಂದ ಕೇಕು ಹೂವಿನ ಹಾಗೆ ಬರೋಕೆ ಶುರುವಾಯ್ತು!"

"ಹೌದು, ನಾನೇ ನೋಡಿದ್ದೀನಿ!" ಎಂದು ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗು ನಿಂತ ಮೇಲೆ ಮತ್ತೆ ಕೇಳಿದಳು, "ಹಾಗಾದ್ರೆ ಡಬ್ಬಿ?"

"ಇಲ್ಲೇ ಇರುತ್ತೆ," ಎಂದಳು ಅಮ್ಮ, ಅದನ್ನು ಸೊಸೆಯ ಕೈಗಿಡುತ್ತಾ. "ಅಚ್ಚು ಯಾವ ಮನೇಲಿದೆಯೋ, ಡಬ್ಬಿ ಆ ಮನೇಲೇ ಇರ್ಬೇಕು."

ಹೆಂಡತಿ ಕಣ್ಣೊರೆಸಿಕೊಂಡಳು. ಒಮ್ಮೆ ಡಬ್ಬಿಯನ್ನು ನೋಡಿದಳು, ಒಮ್ಮೆ ನನ್ನ ನೆತ್ತಿಯನ್ನು ನೋಡಿದಳು. ಅಡುಗೆಮನೆಗೆ ಹೋಗಿ ಎತ್ತರದ ಸ್ಟೂಲನ್ನೂ ಸಕ್ಕರೆಯ ಚೀಲವನ್ನೂ ತಂದಳು. ಡಬ್ಬಿ ಹಿಡಿದು ಸ್ಟೂಲು ಹತ್ತಿ ನಿಂತು, ಔಷಧ ಕೌಂಟರಿನಲ್ಲಿ ಮಾತಾಡುವ ಗಂಭೀರ ದನಿಯಲ್ಲಿ ಕೇಳಿದಳು:

"ಅತ್ತೆ, ಅವತ್ತು ಡಬ್ಬೀಲಿ ಸಕ್ಕರೆ ಪೂರ್ತಿ ಇತ್ತಾ, ಮುಕ್ಕಾಲಾ? ಅಳತೆ ಅಂದ್ರೆ ಅಳತೆ!"

ನಾನು ಸ್ಟೂಲಿನ ಬುಡದಲ್ಲಿ ನೆಲದ ಮೇಲೆ ಕೂತು ತಲೆ ತಗ್ಗಿಸಿದೆ.