ಅತ್ತೆಯ ಬೀಳ್ಕೊಡುಗೆಗೆ ತೂತಿನ ಕೇಕ್

ಕೇಕ್ ಎಂದರೇನು? ಹಿಟ್ಟು, ಸಕ್ಕರೆ, ಸೋಡಾ, ಶಾಖ. ಅಂದರೆ ಶುದ್ಧ ರಸಾಯನಶಾಸ್ತ್ರ! ಅದನ್ನೇ ಕಾಲೇಜಿನಲ್ಲಿ ಅರ್ಧ ಆಯುಷ್ಯ ಬೋಧಿಸಿದ ನನಗೆ ಕೇಕ್ ಯಾವ ಲೆಕ್ಕ?

ನಾನು ಸ್ಕೂಟರಿನಿಂದ ಬಿದ್ದು ಕಾಲು ಮುರಿದುಕೊಂಡಾಗ ಹನುಮಂತನಗರದಿಂದ ಮಲ್ಲೇಶ್ವರದ ನಮ್ಮ ಮನೆಗೆ ಓಡಿ ಬಂದವರು ನಮ್ಮ ಅತ್ತೆ, ಅಂದರೆ ಹೆಂಡತಿಯ ತಾಯಿ. ನಾನು ಎದ್ದು ಓಡಾಡುವ ತನಕ ಮಗುವಿನಂತೆ ನೋಡಿಕೊಂಡರು. ಪ್ಲಾಸ್ಟರ್ ಬಿಚ್ಚಿದ ಮೇಲೆ ದಿನವೂ ಕಾಲಿಗೆ ಎಣ್ಣೆ ತಿಕ್ಕಿದರು. ಈ ಕೇಕಿನ ದಿನ ಸಂಜೆ ತಮ್ಮ ಮನೆಗೆ ಹೊರಡಲು ಅವರು ಬ್ಯಾಗು ಕಟ್ಟಿಟ್ಟಿದ್ದರು. ನಾನೋ, ಒಂದು ಸಲವೂ ಬಾಯಿಬಿಟ್ಟು ಕೃತಜ್ಞತೆ ಹೇಳಿರಲಿಲ್ಲ. ಅತ್ತೆಗೆ ಥ್ಯಾಂಕ್ಸ್ ಎನ್ನುವುದು ನಮ್ಮಂಥ ಮನೆಗಳಲ್ಲಿ ರೂಢಿಯಿಲ್ಲ. ಒಮ್ಮೆ ಫೋನಿನಲ್ಲಿ ನಡುವೆ ತೂತಿರುವ, ಮೇಲೆ ಮಿರಮಿರ ಹೊಳೆಯುವ ಚಾಕೊಲೇಟ್ ಸುರಿದ ಬಂಟ್ ಕೇಕ್ ನೋಡಿ ಅವರು, “ಎಷ್ಟು ಲಕ್ಷಣವಾಗಿದೆ!” ಎಂದಿದ್ದರು. ಸರಿ, ನನ್ನ ಪರವಾಗಿ ಕೇಕೇ ಮಾತಾಡಲಿ ಎಂದು ತೀರ್ಮಾನಿಸಿದೆ.

ಅತ್ತೆ, ಮಗಳು ಇಬ್ಬರೂ ಸಾಮಾನು ಕೊಳ್ಳಲು ಸಂಪಿಗೆ ರಸ್ತೆಗೆ ಹೋದದ್ದೇ ತಡ, ಅಡುಗೆಮನೆಗೆ ನುಗ್ಗಿದೆ. ಮೊಟ್ಟೆಯ ಬದಲು ಮೊಸರು ಹಾಕಿ ಹಿಟ್ಟು ಕಲಸಿದೆ. ತೂತಿನ ಅಚ್ಚು ಇರಲಿಲ್ಲ. ಪಾತ್ರೆಯ ನಡುವೆ ಸ್ಟೀಲ್ ಲೋಟ ಇಟ್ಟೆ. ಹಿಟ್ಟು ಸುರಿದರೆ ಲೋಟ ತೇಲತೊಡಗಿತು! ಭಾರಕ್ಕೆಂದು ಅದರೊಳಗೆ ತೊಗರಿಬೇಳೆ ಹಾಕಿ, ನೀರನ್ನೂ ಹೊಯ್ದೆ. ಕೂತಿತು. ವಿಜ್ಞಾನಕ್ಕೆ ಜಯ!

ಓವನ್ ಇಲ್ಲದವರು ಕುಕ್ಕರಿನಲ್ಲಿ ಮಾಡಬಹುದು ಎಂದು ಫೋನಿನಲ್ಲಿ ಹಾಕಿಕೊಂಡಿದ್ದ ಅಡುಗೆ ವಿಡಿಯೊದಾಕೆ ಹೇಳಿದ್ದೇ ಸಾಕಾಯಿತು, ಫೋನ್ ಆರಿಸಿಬಿಟ್ಟೆ. ಕುಕ್ಕರ್ ಇಡುವುದನ್ನು ನನಗೆ ಹೇಳಿಕೊಡಬೇಕೆ? ತಳಕ್ಕೆ ನೀರು ಹಾಕಿ, ಪಾತ್ರೆ ಇಟ್ಟು, ಮುಚ್ಚಿ, ವೆಯ್ಟ್ ಹಾಕಿ, ಕೂಗಿಗಾಗಿ ಕಾದು ನಿಂತೆ.

ಕುಕ್ಕರ್ ಕೂಗಿದೊಡನೆ ಪಕ್ಕದ ಮನೆಯ ಶಾರದಮ್ಮ ಕಿಟಕಿಯಲ್ಲಿ ಪ್ರತ್ಯಕ್ಷ.

“ಏನು ಮೇಷ್ಟ್ರೇ, ಘಮಘಮ ಅಂತಿದೆ?”

“ಕೇಕ್ ಮಾಡ್ತಿದೀನಿ!”

“ಕುಕ್ಕರ್ ಕೂಗಿಸ್ಕೊಂಡಾ? ಕೇಕಿಗೆ ನೀರೂ ಹಾಕಬಾರದು, ವೆಯ್ಟೂ ಹಾಕಬಾರದು ಅಲ್ವಾ?”

“ಇದು ಬೇರೆ ವಿಧಾನ,” ಎಂದು ಗಂಭೀರವಾಗಿ ಹೇಳಿ ಕಿಟಕಿ ಮುಚ್ಚಿದೆ.

ಆ ವಿಧಾನದಲ್ಲಿ ಬೇಳೆ ಬೆಣ್ಣೆಯಂತೆ ಬೆಂದಿತ್ತು. ಕೇಕ್ ಮಾತ್ರ ಕಡುಬಾಗಿತ್ತು! ಬೇಳೆಯನ್ನು ಬಟ್ಟಲಿಗೆ ಸುರಿದು, ಲೋಟವನ್ನು ಇಕ್ಕಳದಲ್ಲಿ ಹಿಡಿದೆಳೆದೆ. ಅರ್ಧ ಕೇಕ್ ಅದರ ಜೊತೆಗೇ ಎದ್ದು ಬಂತು. ಉಳಿದರ್ಧವನ್ನು ತಟ್ಟೆಗೆ ಮಗುಚಿ, ಎರಡನ್ನೂ ಒತ್ತಿ ಕೂರಿಸಿದೆ. ಮೇಲೆ ಗ್ಲೇಜ್, ಅಂದರೆ ಆ ಹೊಳೆಯುವ ಚಾಕೊಲೇಟ್ ಲೇಪ, ಸುರಿದರೆ ಯಾರಿಗೆ ಗೊತ್ತಾಗುತ್ತದೆ?

ಚಾಕೊಲೇಟ್, ಬೆಣ್ಣೆ ಕರಗಿಸಿ ಧಾರಾಳವಾಗಿ ಸುರಿದೆ. ಅದು ಕೇಕಿನ ಮೇಲೆ ನಿಲ್ಲಲಿಲ್ಲ. ತಟ್ಟೆ ದಾಟಿ, ಕಲ್ಲುಕಟ್ಟೆಯಿಂದಿಳಿದು, ನೇರ ನನ್ನ ಮುರಿದಿದ್ದ ಕಾಲಿನ ಮೇಲೆ ಹರಿಯಿತು. ಅಲ್ಲಿ ಮಾತ್ರ ಗಟ್ಟಿಯಾಗಿ ಅಂಟಿ ಕೂತಿತು. ಗ್ಲೇಜ್ ಕೂರುವುದೆಂದರೆ ಹಾಗೆ ಕೂರಬೇಕು!

ಅಷ್ಟರಲ್ಲಿ ಬಾಗಿಲು ತೆರೆಯಿತು.

“ರೀ! ಏನ್ರೀ ಇದು ಅವತಾರ?” ಹೆಂಡತಿ ವಿದ್ಯಾ ಕಿರುಚಿದಳು.

ಅತ್ತೆ ಕೇಕಿನತ್ತ ನೋಡಲೇ ಇಲ್ಲ. “ಅಯ್ಯೋ, ಕಾಲು! ಸುಟ್ಟಿತಾ?” ಎನ್ನುತ್ತ ನೆಲದ ಮೇಲೆ ಕೂತು ಒದ್ದೆ ಬಟ್ಟೆಯಿಂದ ಒರೆಸತೊಡಗಿದರು. ಚಾಕೊಲೇಟ್ ಉಗುರುಬೆಚ್ಚಗಿತ್ತು, ಕಾಲು ಸುಟ್ಟಿರಲಿಲ್ಲ. ಆದರೂ ನನ್ನ ಕಣ್ಣು ತುಂಬಿತು.

“ಅತ್ತೆ, ನೀವಿಲ್ದಿದ್ರೆ ನಾನು ಎದ್ದು ನಿಲ್ತಾನೇ ಇರ್ಲಿಲ್ಲ. ತುಂಬಾ ಉಪಕಾರ ಆಯ್ತು. ಅದನ್ನ ಹೇಳೋಕೇ ಈ ಕೇಕು…”

“ಅಷ್ಟು ಹೇಳೋಕೆ ಇಷ್ಟೆಲ್ಲಾನಾ? ಬಾಯಲ್ಲೇ ಹೇಳ್ಬಾರ್ದಿತ್ತಾ?” ಅವರ ಕಣ್ಣೂ ಒದ್ದೆಯಾಗಿತ್ತು. ಒಂದು ತುಣುಕು ಬಾಯಿಗೆ ಹಾಕಿಕೊಂಡು, “ಸಿಹಿ ಸರಿಯಾಗಿದೆ,” ಎಂದರು. ದೇವತೆಯಂಥ ಹೆಂಗಸು! ನುಂಗಲು ಮಾತ್ರ ನೀರು ಬೇಕಾಯಿತು.

ಆಮೇಲೆ ಸುತ್ತ ನೋಡಿದರು. ಒಲೆ, ಗೋಡೆ, ನೆಲ, ನಾನು. ಬ್ಯಾಗನ್ನು ಮತ್ತೆ ಕೋಣೆಗೆ ಒಯ್ದಿಟ್ಟು, ಬೆಂದ ಬೇಳೆಯ ಸಾರಿಗೆಂದು ಹುಣಸೆಹಣ್ಣು ನೆನೆಹಾಕಿದರು. ನನಗೆ ನಿಜವಾಗಿಯೂ ಸಂತೋಷವಾಯಿತು.

ಹಜಾರದಲ್ಲಿ ವಿದ್ಯಾ ತಮ್ಮನಿಗೆ ಫೋನಿನಲ್ಲಿ ಹೇಳುತ್ತಿದ್ದಳು: “ಅಮ್ಮ ಇನ್ನೂ ಸ್ವಲ್ಪ ದಿನ ಇಲ್ಲೇ ಇರ್ತಾರೆ ಕಣೋ. ಇಲ್ಲ ಇಲ್ಲ, ಭಾವನ ಕಾಲು ವಾಸಿಯಾಗಿದೆ. ಈಗ ತಲೆಗೆ ಆರೈಕೆ ಬೇಕಂತೆ!”